ರೈತರ ಸೇತುವೆ, ಜನರಲ್‌ನ ಹೆಸರು

ಈ ಸಲ ಗೊಬ್ಬರ, ಲದ್ದಿಹುಳ, ಮಾರ್ಕೆಟ್ ರೇಟು ಎಲ್ಲಾ ಬದಿಗಿಟ್ಟು ಒಂದು ಕಲ್ಲಿನ ಸೇತುವೆ ವಿಚಾರ ಬರೀತೀನಿ. ಸೇತುವೆ ಇರೋದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ. ಅಷ್ಟು ದೂರದ್ದು ನಮಗ್ಯಾಕ ಅನ್ನಬ್ಯಾಡ್ರಿ. ಪುಸ್ತಕದಾಗ ಅದನ್ನ ಯುದ್ಧದ ಕಥೆ ಅಂತ ಬರದಿರ್ತಾರ. ಆದರೆ ಓದ್ತಾ ಹೋದಂಗೆ ನನಗೆ ಕಂಡಿದ್ದು ಗೋವಿನಜೋಳದ ಹೊಲ, ಬೇಲಿ, ಬಣವೆ, ಜೇನುಪೆಟ್ಟಿಗೆ ಮತ್ತು ಕೈಗೆ ಬಾರದ ಪರಿಹಾರ. ಕೊನೆಗೆ ನಮ್ಮ ಹತ್ತಿ ಮಾತೂ ಬರ್ತದ.

ಆ ಸೇತುವೆಗೆ ಈಗ ಬರ್ನ್‌ಸೈಡ್ ಸೇತುವೆ ಅಂತ ಹೆಸರು. ಮೊದಲು ಅದು ರೋರ್‌ಬಾಕ್ ಸೇತುವೆ. ಹೆನ್ರಿ ರೋರ್‌ಬಾಕ್ ಅನ್ನೋ ರೈತನ ಹೊಲಮನೆ ಪಕ್ಕದಲ್ಲೇ ಇತ್ತು, ಅದಕ್ಕೆ ಆ ಹೆಸರು. ಊರಿನವರು ಕೆಳಗಿನ ಸೇತುವೆ ಅಂತಲೂ ಕರೀತಿದ್ರು, ಯಾಕಂದ್ರ ಅದೇ ಹಳ್ಳಕ್ಕೆ ಮೇಲೆ ಇನ್ನೂ ಎರಡು ಕಲ್ಲಿನ ಸೇತುವೆ ಇದ್ವು. ಹಳ್ಳದ ಹೆಸರು ಆಂಟೀಟಮ್. ಊರು ಶಾರ್ಪ್ಸ್‌ಬರ್ಗ್.

1836ರಲ್ಲಿ ಜಾನ್ ವೀವರ್ ಅನ್ನುವವ ಕಟ್ಟಿದ್ದು. ಅಲ್ಲಿಯ ಸುಣ್ಣದ ಕಲ್ಲು, ಮೂರು ಕಮಾನು. ಉದ್ದ ಸುಮಾರು 125 ಅಡಿ, ಅಗಲ ಬರೇ 12 ಅಡಿ. ಹನ್ನೆರಡು ಅಡಿ ಅಂದ್ರೆ ಎಷ್ಟು ಅಂತ ನಮಗೆ ಹೇಳಬೇಕಾಗಿಲ್ಲ, ಹೊಟ್ಟು ತುಂಬಿದ ಒಂದು ಚಕ್ಕಡಿ ಹೋಗ್ತಿದ್ರ ಎದುರಿನ ಚಕ್ಕಡಿ ದಡದಲ್ಲೇ ನಿಂತು ಕಾಯಬೇಕು. ಗೋಧಿ ಗಿರಣಿಗೆ ಒಯ್ಯೋದು, ದನ ಹಂದಿ ಹೊಡಕೊಂಡು ಹೋಗೋದು, ಪಕ್ಕದ ಊರಿಗೆ ಹೋಗಿ ಬರೋದು, ಇಷ್ಟಕ್ಕೆ ಕಟ್ಟಿದ್ದು. ಕಟ್ಟಿದವರ ತಲೆಯಲ್ಲಿ ಫಿರಂಗಿ ಇರಲಿಲ್ಲ. ಆದ್ರ 26 ವರ್ಷಕ್ಕೆ ಆ ಹನ್ನೆರಡು ಅಡಿಯೇ ನೂರಾರು ಹುಡುಗರ ಜೀವ ತಿಂತು.

ಯುದ್ಧದ ಕಾರಣ ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗ್ತೀನಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹತ್ತಿ, ತಂಬಾಕು ಎಲ್ಲ ಗುಲಾಮರ ದುಡಿಮೆಯ ಮೇಲೆ ನಿಂತಿತ್ತು. ಆ ಗುಲಾಮಗಿರಿ ಉಳಿಸಿಕೊಳ್ಳೋಕೆ ಅವು ಒಕ್ಕೂಟ ಬಿಟ್ಟು ಹೊರಗೆ ಬಂದ್ವು. 1861ರಲ್ಲಿ ಯುದ್ಧ ಹತ್ತಿತು. 1862ರ ಸೆಪ್ಟೆಂಬರ್‌ನಲ್ಲಿ ದಕ್ಷಿಣದ ಜನರಲ್ ರಾಬರ್ಟ್ ಲೀ ಪೊಟೊಮ್ಯಾಕ್ ನದಿ ದಾಟಿ ಮೇರಿಲ್ಯಾಂಡಿಗೆ ನುಗ್ಗಿದ. ಅವನ ಲೆಕ್ಕದಲ್ಲಿ ಒಂದು ಕಾರಣ ನಮ್ಮಂಥವರಿಗೆ ತಿಳಿಯೋದು: ವರ್ಜೀನಿಯಾದ ರೈತರು ಸುಗ್ಗಿ ಮುಗಿಸಿಕೊಳ್ಳಲಿ, ಅಲ್ಲಿಯವರೆಗೆ ದಂಡಿನ ಹೊಟ್ಟೆ ಬೇರೆಯವರ ಹೊಲದಲ್ಲಿ ತುಂಬಲಿ ಅಂತ. ಅವನ ಸೈನಿಕರು ದಾರಿಯುದ್ದಕ್ಕೂ ಹಸಿ ಗೋವಿನಜೋಳದ ತೆನೆ, ಬಲಿಯದ ಸೇಬು ತಿಂದು ಭೇದಿ ಹತ್ತಿ ಸಾವಿರಗಟ್ಟಲೆ ಹಿಂದೆ ಉಳಿದರು. ಶಾರ್ಪ್ಸ್‌ಬರ್ಗ್ ಮುಟ್ಟುವಾಗ ಅವನ ಕೈಯಲ್ಲಿ ಹೆಚ್ಚುಕಡಿಮೆ 40 ಸಾವಿರ ಜನ. ಎದುರಿಗೆ ಜನರಲ್ ಮೆಕ್‌ಕ್ಲೆಲನ್ ಹತ್ತಿರ ಅದರ ಎರಡು ಪಟ್ಟು.

ಯುದ್ಧ ನಡೆದದ್ದು ಸೆಪ್ಟೆಂಬರ್ 17, ಬುಧವಾರ. ಜಾಗ ಯಾವುದು ಅಂದ್ರ ಎಂಟ್ಹತ್ತು ರೈತರ ಜಮೀನು. ಇವತ್ತಿಗೂ ಆ ಕದನದ ನಕ್ಷೆ ನೋಡಿದ್ರೆ ರೈತರ ಹೆಸರೇ ಇರೋದು: ಮಿಲ್ಲರ್ ಹೊಲ, ಮಮ್ಮಾ ಹೊಲ, ರೂಲೆಟ್ ಹೊಲ, ಪೈಪರ್ ತೋಟ, ಶೆರಿಕ್ ಹೊಲ, ಒಟ್ಟೊ ಹೊಲ.

ಬೆಳಿಗ್ಗೆ ಮಿಲ್ಲರ್‌ನ ಗೋವಿನಜೋಳದಲ್ಲಿ ಸುರು ಆತು. ಆಳೆತ್ತರ ಬೆಳೆದು ಕೊಯ್ಲಿಗೆ ಹತ್ತಿರ ಬಂದ ಬೆಳೆ. ಒಳಗೆ ಅಡಗಿದವರ ಮೇಲೆ ಫಿರಂಗಿ ಬಿಟ್ಟರು. ಬೆಳೆ ಎಲ್ಲಾ ಕುಡುಗೋಲಿನಿಂದ ಬುಡಕ್ಕೇ ಕೊಯ್ದಂಗೆ ಆಗಿತ್ತು ಅಂತ ಉತ್ತರದ ಜನರಲ್ ಹೂಕರ್ ಆಮೇಲೆ ವರದಿ ಬರೆದ. ಆ ಒಂದು ಹೊಲ ಬೆಳಿಗ್ಗೆ ಒಪ್ಪತ್ತಿನಲ್ಲಿ ಎಷ್ಟು ಸಲ ಕೈ ಬದಲಾಯಿತೋ ಲೆಕ್ಕ ಇಡೋದು ಕಷ್ಟ.

ನಡುಹಗಲಿಗೆ ಕದನ ಒಂದು ಚಕ್ಕಡಿ ದಾರಿಗೆ ಬಂತು. ವರ್ಷಾನುಗಟ್ಟಲೆ ಗಿರಣಿಗೆ ಕಾಳು ಹೇರಿದ ಬಂಡಿಗಳು ಓಡಾಡಿ ಓಡಾಡಿ ದಾರಿ ಅಕ್ಕಪಕ್ಕದ ಹೊಲಕ್ಕಿಂತ ಆಳಕ್ಕೆ ಇಳಿದಿತ್ತು. ನಮ್ಮಲ್ಲೂ ಹಳೇ ಬಂಡಿದಾರಿ ಹಂಗೇ ಇರ್ತಾವಲ್ಲ, ಮಳೆಗಾಲದಾಗ ಹಳ್ಳ ಆಗಿ ಹರೀತಾವ. ದಕ್ಷಿಣದವರು ಅದನ್ನೇ ಕಂದಕ ಮಾಡಿಕೊಂಡು ಕೂತರು. ಮೂರೂವರೆ ತಾಸಿನಲ್ಲಿ ಎರಡೂ ಕಡೆ ಸೇರಿ ಐದು ಸಾವಿರಕ್ಕೂ ಮೇಲೆ ಜನ ಸತ್ತು, ಗಾಯಗೊಂಡು ಬಿದ್ದರು. ಆ ದಾರಿಗೆ ರಕ್ತದ ದಾರಿ ಅಂತ ಹೆಸರು ಉಳೀತು. ಅಲ್ಲೇ ಪಕ್ಕ ರೂಲೆಟ್‌ನ ಮನೆ. ಗುಂಡು ಬಿದ್ದು ಅವನ ಜೇನುಪೆಟ್ಟಿಗೆ ಉರುಳಿದ್ವು. ಪೆನ್ಸಿಲ್ವೇನಿಯಾದ ಹೊಸ ಹುಡುಗರ ದಳ, ಗುಂಡಿಗೆ ಹೆದರದೆ ಬಂದವರು, ಜೇನಿಗೆ ಹೆದರಿ ಚದುರಿ ಓಡಿದರು. ಇದೊಂದು ಓದುವಾಗ ನಗು ಬಂತು, ಬೇರೆ ಯಾವುದಕ್ಕೂ ಬರಲಿಲ್ಲ.

ಈಗ ನಮ್ಮ ಸೇತುವೆ.

ಪಶ್ಚಿಮದ ದಡದಲ್ಲಿ ಕಡಿದಾದ ಗುಡ್ಡ, ಗಿಡಮರ, ಒಂದು ಹಳೇ ಕಲ್ಲಿನ ಕ್ವಾರಿ. ಅಲ್ಲಿ ಜಾರ್ಜಿಯಾದ ಸುಮಾರು 500 ಜನ ಬಂದೂಕಿನವರು ಅಡಗಿ ಕೂತಿದ್ದರು. ಪೂರ್ವದ ದಡದಲ್ಲಿ ಜನರಲ್ ಆಂಬ್ರೋಸ್ ಬರ್ನ್‌ಸೈಡ್‌ನ ದಂಡು, ಸುಮಾರು 12,500. (ಈ ಬರ್ನ್‌ಸೈಡ್ ಕಿವಿಯಿಂದ ಮೀಸೆವರೆಗೆ ಕೆನ್ನೆ ತುಂಬ ಕೂದಲು ಬಿಟ್ಟಿದ್ದ. ಅವನ ಹೆಸರನ್ನೇ ತಿರುವಿ ಹಾಕಿ ಸೈಡ್‌ಬರ್ನ್ಸ್ ಅನ್ನೋ ಶಬ್ದ ಆಗಿದ್ದು. ಮುಂದಿನ ಸಲ ಕ್ಷೌರಕ್ಕೆ ಹೋದಾಗ ನೆನಪು ಮಾಡ್ಕೊಳ್ರಿ.) ಇಪ್ಪತ್ತೈದು ಪಟ್ಟು ಜನ ಇದ್ದರೂ ಸೇತುವೆ ಮೇಲೆ ಒಮ್ಮೆಗೆ ಹೋಗೋದು ಎಷ್ಟು ಜನ? ಅಗಲ ಹನ್ನೆರಡೇ ಅಡಿ. ಗುಡ್ಡದ ಮೇಲಿನವರಿಗೆ ಕೊಟ್ಟಿಗೆ ಬಾಗಿಲಿನಿಂದ ಒಂದೊಂದೇ ಕುರಿ ಹೊರಗೆ ಬಂದಂಗೆ.

ಬೆಳಿಗ್ಗೆ ಹತ್ತರ ಸುಮಾರಿಗೆ ಮೊದಲ ಸಲ ನುಗ್ಗಿದ್ದು ಕನೆಕ್ಟಿಕಟ್‌ನ 11ನೇ ದಳ. ಅವರ ಕರ್ನಲ್ ಹೆನ್ರಿ ಕಿಂಗ್ಸ್‌ಬರಿ, ಇಪ್ಪತ್ತೈದರ ಆಸುಪಾಸಿನ ಹುಡುಗ, ಗುಂಡು ತಿಂದು ಬಿದ್ದ, ಮರುದಿನ ತೀರಿಕೊಂಡ. ಎದುರಿಗೆ ಆ ಗುಡ್ಡ ಕಾಯುವ ಹೊಣೆ ಇದ್ದದ್ದು ಜನರಲ್ ಡೇವಿಡ್ ಜೋನ್ಸ್ ಡಿವಿಜನ್ನಿಗೆ. ಆ ಜೋನ್ಸ್ ಮತ್ತು ಈ ಕಿಂಗ್ಸ್‌ಬರಿ ಷಡ್ಡಕರು, ಅಕ್ಕ ತಂಗಿಯರನ್ನ ಮದುವೆಯಾದವರು. ನಾಲ್ಕೇ ತಿಂಗಳಿಗೆ ಜೋನ್ಸ್ ಕೂಡ ಹೃದಯದ ಕಾಯಿಲೆಯಿಂದ ಹೋದ. ಒಂದೇ ತವರುಮನೆ, ಇಬ್ಬರು ವಿಧವೆಯರು.

ಅದೇ ದಳದ ಒಬ್ಬ ಕ್ಯಾಪ್ಟನ್, ಜಾನ್ ಗ್ರಿಸ್ವೋಲ್ಡ್, ಸೇತುವೆ ಬಿಟ್ಟು ನೀರಿಗೇ ಇಳಿದ. ಹಳ್ಳದ ನಡುವೆ ಗುಂಡು ಬಿತ್ತು. ಹಂಗೇ ತೇಕುತ್ತ ಆಚೆ ದಡ ಮುಟ್ಟಿ ಅಲ್ಲೇ ಕುಸಿದ.

ಇನ್ನೊಂದು ದಳಕ್ಕೆ ಸೇತುವೆ ಹಿಡಿಯೋಕೆ ಹುಕುಂ ಕೊಟ್ಟಿದ್ದರೆ ಅವರು ದಾರಿ ತಪ್ಪಿ ಹಳ್ಳದ ಮೇಲಿನ ಮಗ್ಗುಲಿಗೆ ಹೋಗಿ ಮುಟ್ಟಿದರು. ಹನ್ನೊಂದರ ಸುಮಾರಿಗೆ ಮೇರಿಲ್ಯಾಂಡ್ 2ನೇ ದಳ, ನ್ಯೂ ಹ್ಯಾಂಪ್‌ಶೈರ್ 6ನೇ ದಳ ಹೋದವು. ಇವರು ಹಳ್ಳದ ದಂಡೆಗುಂಟ ಇದ್ದ ರಸ್ತೆ ಹಿಡಿದು ಓಡಿದರು. ಅಂದ್ರ ಗುಡ್ಡದ ಮೇಲಿನವರಿಗೆ ಉದ್ದಕ್ಕೂ ಮಗ್ಗುಲು ಕೊಟ್ಟು ಓಡಿದಂಗೆ. ಮೇರಿಲ್ಯಾಂಡ್ ದಳದ ಹೆಚ್ಚುಕಡಿಮೆ ಅರ್ಧ ಜನ ಕೆಲವೇ ನಿಮಿಷದಲ್ಲಿ ಬಿದ್ದರು.

ಮೂರನೇ ಸಲಕ್ಕೆ ದಂಡೆ ರಸ್ತೆ ಬಿಟ್ಟು ಎದುರಿನ ದಿಬ್ಬದಿಂದ ನೇರ ಸೇತುವೆ ಬಾಯಿಗೆ ಇಳಿಯೋದು ಅಂತ ಮಾಡಿದರು. ನ್ಯೂಯಾರ್ಕ್ 51, ಪೆನ್ಸಿಲ್ವೇನಿಯಾ 51, ಎರಡು ದಳ. ಪೆನ್ಸಿಲ್ವೇನಿಯಾದವರಿಗೆ ಏನೋ ತಪ್ಪಿಗೆ ಅವರ ಪಾಲಿನ ವಿಸ್ಕಿ ಬಂದ್ ಮಾಡಿದ್ದರಂತೆ. ಸೇತುವೆ ಹಿಡಿಯಿರಿ ಅಂತ ಮೇಲಿನ ಅಧಿಕಾರಿ ಫೆರೆರೊ ಹುಕುಂ ಮಾಡಿದಾಗ ಸಾಲಿನಲ್ಲಿದ್ದ ಒಬ್ಬ, ಹಿಡಿದ್ರೆ ನಮ್ಮ ವಿಸ್ಕಿ ಕೊಡ್ತೀರೇನು ಅಂತ ಕೇಳಿದ. ಆಗಲಿ ಅಂದ ಆತ. ಸಾಯೋಕೆ ಹೊರಟವನ ಆ ಚೌಕಾಸಿ ನೋಡ್ರಿ. ಹೋದರು, ಸೇತುವೆ ತುದಿಯ ಕಲ್ಲುಗೋಡೆ, ಬೇಲಿ ಹಿಡಿದು ನಿಂತು ಗುಂಡು ಹಾರಿಸಿದರು. ಅಷ್ಟೊತ್ತಿಗೆ ಗುಡ್ಡದ ಮೇಲಿನವರ ಮದ್ದುಗುಂಡು ಮುಗೀತಾ ಬಂದಿತ್ತು. ಮಧ್ಯಾಹ್ನ ಒಂದರ ಸುಮಾರಿಗೆ ಸೇತುವೆ ದಾಟಿದರು. ಮೂರು ತಾಸು, ಉತ್ತರದವರ ಕಡೆ ಸುಮಾರು 500 ಜನ ಸತ್ತು ಗಾಯಗೊಂಡರು. ಜಾರ್ಜಿಯಾದವರ ಕಡೆ ಅದಕ್ಕಿಂತ ಬಹಳ ಕಡಿಮೆ.

ಇಲ್ಲಿ ಒಂದು ವಾದ ಇವತ್ತಿಗೂ ನಡೀತದ. ಆ ಹಳ್ಳ ಕೆಲವು ಕಡೆ ಸೊಂಟದವರೆಗಷ್ಟೇ ನೀರು, ನಡೆದುಕೊಂಡೇ ದಾಟಬಹುದಿತ್ತು, ಬರ್ನ್‌ಸೈಡ್ ಸುಮ್ಮನೆ ಸೇತುವೆಗೆ ಗಂಟುಬಿದ್ದ ಅಂತ ಯುದ್ಧ ಮುಗಿದ ಮೇಲೆ ಬಹಳ ಮಂದಿ ನಕ್ಕರು. ನನಗೆ ಆ ನಗು ಪೂರ್ತಿ ಸರಿ ಅನಿಸೋದಿಲ್ಲ. ಹಳ್ಳ ದಾಟಿದವರಿಗೆ ಗೊತ್ತು, ನೀರಿನ ಆಳ ಒಂದೇ ನೋಡಿದರೆ ಆಗಲ್ಲ. ಇಳಿಯೋ ದಡ ಹ್ಯಾಂಗದ, ಹತ್ತೋ ದಡ ಹ್ಯಾಂಗದ, ತಳದಾಗ ಕಲ್ಲೋ ಕೆಸರೋ, ಇದೆಲ್ಲಾ ಬೇಕು. ಗ್ರಿಸ್ವೋಲ್ಡ್ ಇಳಿದ ಜಾಗದಲ್ಲೇ ಎಲ್ಲರೂ ಇಳಿದಿದ್ರೆ ಹಳ್ಳ ಹೆಣದಿಂದ ತುಂಬ್ತಿತ್ತು. ತಪ್ಪು ಇದ್ದದ್ದು ಬೇರೆ ಕಡೆ. ಕೆಳಗೆ ದಾಟೋ ಜಾಗ ಇಂಥಾದ್ದು ಅಂತ ಎಂಜಿನಿಯರುಗಳು ಗುರುತು ಮಾಡಿದ್ದರು. ಯುದ್ಧದ ದಿನ ರಾಡ್‌ಮನ್ ಅನ್ನೋ ಜನರಲ್ ಮೂರು ಸಾವಿರ ಜನರ ಜೊತೆ ಅಲ್ಲಿ ಹೋಗಿ ನೋಡಿದರೆ ದಡ ಹತ್ತಲಿಕ್ಕೆ ಬಾರದಂಥದ್ದು. ಇನ್ನೂ ಕೆಳಗೆ ಹುಡುಕುತ್ತ ಹೋಗಿ ಸ್ನೇವ್ಲಿ ಅನ್ನೋ ರೈತನ ಹೆಸರಿನ ಹಾಯಗಡದಲ್ಲಿ ದಾಟುವಷ್ಟೊತ್ತಿಗೆ ಒಂದು ಗಂಟೆ. ಆ ಜಾಗ ಯಾವ ದನ ಕಾಯೋ ಹುಡುಗನ್ನ ಕೇಳಿದ್ರೂ ಬೆರಳು ಮಾಡಿ ತೋರಿಸ್ತಿದ್ದ ಅಂತ ನನ್ನ ನಂಬಿಕೆ.

ಸೇತುವೆ ಸಿಕ್ಕ ಮೇಲೂ ಅದೇ ಹನ್ನೆರಡು ಅಡಿ ಕಾಡಿತು. ಹೊಸ ದಳ, ಮದ್ದುಗುಂಡು, ಫಿರಂಗಿ ಎಲ್ಲಾ ಅದೇ ಸಂದಿಯಿಂದ ಬರಬೇಕು. ಎರಡು ತಾಸು ಹೋಯಿತು. ಮೂರರ ಸುಮಾರಿಗೆ ಊರಿನ ಕಡೆ ಏರಿದರು, ಇನ್ನೇನು ಶಾರ್ಪ್ಸ್‌ಬರ್ಗ್ ಸಿಕ್ಕೇ ಬಿಡ್ತು ಅನ್ನುವಾಗ ಎಡಮಗ್ಗುಲಿನಿಂದ ಎ.ಪಿ. ಹಿಲ್‌ನ ದಂಡು ಬಂದು ಬಿತ್ತು. ಬೆಳಿಗ್ಗೆ ಹಾರ್ಪರ್ಸ್ ಫೆರಿ ಬಿಟ್ಟು 17 ಮೈಲಿ ನಡೆದು ಬಂದವರು. ಬಂದು ಹೊಕ್ಕಿದ್ದು ಜಾನ್ ಒಟ್ಟೊನ 40 ಎಕರೆ ಗೋವಿನಜೋಳಕ್ಕೆ. ಅಲ್ಲಿ ಸಿಕ್ಕವರು ಕನೆಕ್ಟಿಕಟ್ 16ನೇ ದಳ. ಅವರು ಸೈನ್ಯಕ್ಕೆ ಸೇರಿ ಮೂರು ವಾರ ಆಗಿತ್ತು, ಬಂದೂಕು ತುಂಬೋದನ್ನೇ ಹಿಂದಿನ ದಿನ ಕಲಿತಿದ್ದರು. ಆಳೆತ್ತರದ ಬೆಳೆಯೊಳಗೆ ಯಾರು ನಮ್ಮವರು ಯಾರು ಅವರು ಕಾಣೋದಿಲ್ಲ. ಹಿಲ್‌ನ ಕೆಲವರು ಹಾರ್ಪರ್ಸ್ ಫೆರಿಯಲ್ಲಿ ಸಿಕ್ಕ ಉತ್ತರದ ನೀಲಿ ಅಂಗಿಯನ್ನೇ ಹಾಕ್ಕೊಂಡಿದ್ದರು. ಗೋವಿನಜೋಳದಾಗ ಹೊಕ್ಕು ಎದುರಿನ ಸಾಲಿನವನ ಮುಖ ಕಾಣದೆ ನಿಂತ ಅನುಭವ ನಮಗೆಲ್ಲ ಅದೆ. ಅಲ್ಲಿ ಬಂದೂಕು ಹಿಡಿದು ನಿಲ್ಲೋದು ಹ್ಯಾಂಗಿರಬೇಕು. ಆ ದಳ ಮುರಿದು ಓಡಿತು, ಬರ್ನ್‌ಸೈಡ್‌ನ ದಂಡು ಮತ್ತೆ ಸೇತುವೆ ಹತ್ತಿರಕ್ಕೇ ಬಂದು ನಿಂತಿತು. ಹೊತ್ತು ಮುಳುಗಿತು. ಆ ಒಂದೇ ದಿನಕ್ಕೆ ಎರಡೂ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23 ಸಾವಿರ. ಅಮೆರಿಕದ ಇತಿಹಾಸದಲ್ಲಿ ಇಷ್ಟು ರಕ್ತ ಹರಿದ ಇನ್ನೊಂದು ದಿನ ಇಲ್ಲ.

ಆ ಗದ್ದಲದ ನಡುವೆ ಒಬ್ಬ ಹತ್ತೊಂಬತ್ತರ ಹುಡುಗ ಬಂಡಿ ಕಟ್ಟಿಕೊಂಡು ಗುಂಡಿನ ಮಳೆಯಲ್ಲೇ ತನ್ನ ದಳದವರಿಗೆ ಬಿಸಿ ಕಾಫಿ, ಊಟ ಒಯ್ದು ಕೊಟ್ಟ. ವಿಲಿಯಂ ಮೆಕಿನ್ಲಿ, ಮುಂದೆ ಅಮೆರಿಕದ ಅಧ್ಯಕ್ಷ ಆದವ. ಸೇತುವೆ ಹತ್ತಿರ ಅವನ ಹೆಸರಿನ ಕಂಬ 1903ರಲ್ಲಿ ನಿಲ್ಲಿಸಿದ್ದಾರೆ. ಹೊಲಕ್ಕೆ ಬುತ್ತಿ ಹೊತ್ತವರಿಗೆ ಯಾರೂ ಕಂಬ ನಿಲ್ಲಿಸಿದ್ದು ನಾ ಕಂಡಿಲ್ಲ, ಇಲ್ಲಿ ಒಬ್ಬನಿಗಾದರೂ ಆತು.

ಒಟ್ಟೊನ ಹೊಲ ಅಂದೆನಲ್ಲ. ಆ ಹೊಲದಲ್ಲಿ ದುಡೀತಿದ್ದವರಲ್ಲಿ ಹಿಲರಿ ವಾಟ್ಸನ್ ಅನ್ನೋ ಕರಿಯ ಯುವಕ ಒಬ್ಬ. ಕೂಲಿ ಆಳಲ್ಲ, ಒಟ್ಟೊನ ಗುಲಾಮ. ಮೇರಿಲ್ಯಾಂಡ್ ಉತ್ತರದ ಪರ ಇದ್ದರೂ ಅಲ್ಲಿ ಗುಲಾಮಗಿರಿ ಕಾನೂನಿನಂತೆ ನಡೀತಿತ್ತು. ಇದನ್ನ ಬಿಟ್ಟು ಬರೇ ರೈತರ ಕಷ್ಟ ಅಂತ ಬರದ್ರೆ ಅರ್ಧ ಸತ್ಯ ಆಗ್ತದ. ಲೀ ಹಿಂದಕ್ಕೆ ಹೋದ ಮೇಲೆ, ಸೆಪ್ಟೆಂಬರ್ 22ಕ್ಕೆ ಅಧ್ಯಕ್ಷ ಲಿಂಕನ್ ಗುಲಾಮರ ವಿಮೋಚನೆಯ ಮೊದಲ ಘೋಷಣೆ ಹೊರಡಿಸಿದ. ಬಂಡೆದ್ದ ರಾಜ್ಯಗಳ ಗುಲಾಮರು 1863ರ ಜನವರಿ 1ರಿಂದ ಸ್ವತಂತ್ರರು. ಗೆಲುವು ಅನ್ನುವಂಥದ್ದು ಒಂದು ಸಿಗಲಿ ಅಂತ ಆ ಕಾಗದ ಇಟ್ಟುಕೊಂಡು ಕಾಯ್ತಿದ್ದ. ಆದ್ರ ನೋಡ್ರಿ, ಯಾವ ಹೊಲದ ರಕ್ತದಿಂದ ಆ ಘೋಷಣೆ ಬಂತೋ ಆ ಹೊಲದ ವಾಟ್ಸನ್‌ಗೆ ಅದು ಅನ್ವಯಿಸಲಿಲ್ಲ, ಮೇರಿಲ್ಯಾಂಡ್ ಬಂಡೆದ್ದಿರಲಿಲ್ಲವಲ್ಲ. ಅಲ್ಲಿ ಗುಲಾಮಗಿರಿ ಹೋಗಿದ್ದು 1864ರ ನವೆಂಬರ್‌ಗೆ, ರಾಜ್ಯದ ಹೊಸ ಸಂವಿಧಾನ ಬಂದಾಗ. ಅವ ಮುಂದೆಯೂ ಆ ಊರಲ್ಲೇ ಬಾಳಿದ. ಮುದುಕನಾದ ಮೇಲೆ ಆ ದಿನದ ಕಥೆ ಹೇಳಿದ್ದು ಪುಸ್ತಕದಲ್ಲಿ ದಾಖಲಾಗಿದೆ.

ಇನ್ನು ದಂಡು ಹೋದ ಮೇಲೆ ಏನಾತು ಅನ್ನೋದು. ಇತಿಹಾಸದ ಪುಸ್ತಕ ಇಲ್ಲಿಗೆ ಮುಗಿಸಿಬಿಡ್ತಾವ, ರೈತನಿಗೆ ಸುರು ಆಗೋದೇ ಇಲ್ಲಿಂದ.

ಮೊದಲನೇದು, ದಂಡು ಬೇಗ ಹೋಗಲೇ ಇಲ್ಲ. ಲೀ 18ರ ರಾತ್ರಿ ನದಿ ದಾಟಿದ, ಮೆಕ್‌ಕ್ಲೆಲನ್‌ನ ದಂಡು ಮಾತ್ರ ಐದು ವಾರಕ್ಕೂ ಹೆಚ್ಚು ಅಲ್ಲೇ ಬೀಡುಬಿಟ್ಟಿತು. ಮರದ ಬೇಲಿ ಎಲ್ಲಾ ಸೌದೆಯಾತು. ಹೊಟ್ಟು, ಕಣಿಕಿ, ಗೋಧಿ ಕುದುರೆಗೆ ಹೋಯಿತು. ಕೋಳಿ, ಹಂದಿ, ಆಲೂಗಡ್ಡೆ ಮಂದಿಗೆ ಹೋಯಿತು. ಮನೆ, ಕೊಟ್ಟಿಗೆ ಎಲ್ಲಾ ಆಸ್ಪತ್ರೆ. ಹಿಂಗಾರಿಗೆ ಬಿತ್ತಬೇಕಾದ ಗೋಧಿ ಹೊಲದಲ್ಲಿ ಹೆಣ ಹೂಳಿದರು. ರೂಲೆಟ್‌ನ ಜಮೀನು ಒಂದರಲ್ಲೇ 700ರಷ್ಟು ಹೆಣ. ರೋಗ ಹಬ್ಬಿತು. ಎರಡು ವರ್ಷ ತುಂಬದ ಅವನ ಮಗಳು ಅಕ್ಟೋಬರ್‌ನಲ್ಲಿ ಟೈಫಾಯಿಡ್ ಬಂದು ತೀರಿಕೊಂಡಳು. ಮುಂದೆ ಉತ್ತರದವರ ಹೆಣಗಳನ್ನ ಅಗೆದು 1867ರಲ್ಲಿ ಆದ ದೊಡ್ಡ ಸ್ಮಶಾನಕ್ಕೆ ಒಯ್ದರು, ಅಲ್ಲಿ 4,776 ಗೋರಿ ಇದಾವ. ದಕ್ಷಿಣದವರ ಹೆಣ ಇನ್ನೂ ಕೆಲವು ವರ್ಷ ಹೊಲದಲ್ಲೇ ಇದ್ದವು. ನೇಗಿಲಿಗೆ ಎಲುಬು ಸಿಗುತ್ತಲೇ ಇದ್ದವು.

ಪರಿಹಾರದ ವಿಷಯ. 1864ರ ಜುಲೈನಲ್ಲಿ ಕಾನೂನು ಬಂತು: ಉತ್ತರದ ಸೈನ್ಯ ತನ್ನ ಬಳಕೆಗೆ ಅಂತ ತಗೊಂಡ ದವಸ, ಮೇವು, ದನಕ್ಕೆ ದುಡ್ಡು ಕೇಳಬಹುದು. ನೀ ಸರ್ಕಾರಕ್ಕೆ ನಿಷ್ಠ ಇದ್ದೆ ಅಂತ ಸಾಕ್ಷಿ ಕೊಡಬೇಕು, ಯಾವ ಅಧಿಕಾರಿ ಎಷ್ಟು ತಗೊಂಡ ಅಂತ ಸಾಕ್ಷಿ ಕೊಡಬೇಕು. ಫಿರಂಗಿ ಗುಂಡಿಗೆ ಹೋದ ಬೆಳೆಗೆ ಇಲ್ಲ. ತುಳಿದು ಹೋದ ಬೆಳೆಗೆ ಇಲ್ಲ. ವೈರಿ ಮಾಡಿದ ನಷ್ಟಕ್ಕೆ ಇಲ್ಲವೇ ಇಲ್ಲ. ಒಂದೇ ಹೊಲದಾಗ ಕುದುರೆ ತಿಂದ ತೆನೆ ಬ್ಯಾರೆ, ಕುದುರೆ ತುಳಿದ ತೆನೆ ಬ್ಯಾರೆ ಅಂತ ರೈತ ಎಣಿಸಿ ಇಟ್ಟಿರಬೇಕಾ? ಬೆಳೆಹಾನಿ ಪಂಚನಾಮೆ ಮಾಡಿಸಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಾರು ವರ್ಷ ಅರ್ಜಿ ಹಿಡಿದು ಅಲೆದವರೂ ಇದ್ದರು, ಸಿಕ್ಕಿದ್ದು ಕೇಳಿದ್ದರಲ್ಲಿ ಸಣ್ಣ ಪಾಲು.

ಎಲ್ಲರಿಗಿಂತ ಕೆಟ್ಟದ್ದಾಗಿದ್ದು ಸ್ಯಾಮ್ಯುಯೆಲ್ ಮಮ್ಮಾಗೆ. ಉತ್ತರದ ಬಂದೂಕಿನವರು ಹೊಕ್ಕಾರು ಅಂತ ದಕ್ಷಿಣದವರು ಅವನ ಮನೆ, ಕೊಟ್ಟಿಗೆಗೆ ಬೆಂಕಿ ಹಚ್ಚಿದರು. ಆ ಇಡೀ ಕದನದಲ್ಲಿ ಬೇಕಂತಲೇ ಸುಟ್ಟ ಮನೆ ಅದೊಂದೇ. ಹೆಂಡತಿ ಮಕ್ಕಳು ಮೊದಲೇ ಮನೆ ಬಿಟ್ಟಿದ್ದರಿಂದ ಉಳಿದರು. ಸುಟ್ಟವರು ವೈರಿಗಳು, ಹಂಗಾಗಿ ಪರಿಹಾರ ಸೊನ್ನೆ. ಮರುವರ್ಷ ತಾವೇ ಮನೆ ಕಟ್ಟಿಕೊಂಡರು.

ಈಗ ಹತ್ತಿ. ಆ ಯುದ್ಧದಲ್ಲಿ ಉತ್ತರದವರು ದಕ್ಷಿಣದ ಬಂದರುಗಳನ್ನ ಬಂದ್ ಮಾಡಿದರು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋತು. ಅವರು ತಿರುಗಿ ನೋಡಿದ್ದು ನಮ್ಮ ಕಡೆಗೆ. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೀತಿದ್ದರು, ಪೇಟೆಯಲ್ಲಿ ಅದಕ್ಕೆ ಧಾರವಾಡ ಅಮೆರಿಕನ್ ಅಂತಲೇ ಹೆಸರು. ಜವಾರಿ ಹತ್ತಿಗೆ ಕುಮಟಾ ಹತ್ತಿ ಅಂತಿದ್ದರು, ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದರಿಂದ. ಮಿಲ್ಲರ್‌ನ ಹೊಲದಲ್ಲಿ ಹುಡುಗರು ಸಾಯ್ತಿದ್ದ ಆ ವರ್ಷಗಳಲ್ಲಿ ನಮ್ಮ ಎರೆಹೊಲದ ಹತ್ತಿಗೆ ಕಂಡರಿಯದ ರೇಟು ಬಂತು. ರೇಟು ಬಂದಲ್ಲಿ ಕಲಬೆರಕೆ ಬರ್ತದಲ್ಲ, ಒಳ್ಳೇ ಹತ್ತಿಯೊಳಗೆ ಕಾಳು, ಕಸ, ಕಡಿಮೆ ದರ್ಜೆ ಅರಳೆ ಬೆರೆಸೋದು ಎಷ್ಟು ಜೋರಾತು ಅಂದ್ರ 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಮೋಸ ತಡೆಯಲಿಕ್ಕೆ ಬ್ಯಾರೇ ಕಾಯ್ದೆನೇ ತಂತು. 1865ರಲ್ಲಿ ಯುದ್ಧ ಮುಗೀತು, ರೇಟು ಬಿತ್ತು. ಏರಿದ ರೇಟು ನಂಬಿ ಸಾಲ ಮಾಡಿದವರ ಪಾಡು ನೀವೇ ತಿಳ್ಕೊಳ್ರಿ.

ಸೇತುವೆ ಈಗಲೂ ನಿಂತದೆ. 1966ರವರೆಗೆ ಅದರ ಮೇಲೆ ಬಂಡಿ, ಆಮೇಲೆ ಮೋಟಾರು ಓಡಾಡಿದವು. ಪಕ್ಕಕ್ಕೆ ಬೇರೆ ರಸ್ತೆ ಮಾಡಿದ ಮೇಲೆ ಇದನ್ನ 1862ರ ರೂಪಕ್ಕೆ ತಂದು ಬಿಟ್ಟಿದ್ದಾರೆ. 2014ರ ಚಳಿಗಾಲದಲ್ಲಿ ಒಂದು ಕಡೆ ಕಲ್ಲು ಕಳಚಿ ಹಳ್ಳಕ್ಕೆ ಬಿದ್ದವು, ಮತ್ತೆ ಕಟ್ಟಿದರು. ಯುದ್ಧ ಮುಗಿದ ಕೆಲ ದಿನಕ್ಕೆ ಅಲೆಕ್ಸಾಂಡರ್ ಗಾರ್ಡ್‌ನರ್ ತೆಗೆದ ಫೋಟೋದಲ್ಲಿ ಸೇತುವೆ ಮಗ್ಗುಲಿಗೆ ಒಂದು ಸಣ್ಣ ಸಿಕಮೋರ್ ಗಿಡ ಕಾಣ್ತದ. ಅದೇ ಗಿಡ ಈಗ ದೊಡ್ಡ ಮರ. ಸುತ್ತಲ ಜಮೀನು ಸರ್ಕಾರದ ಪಾರ್ಕಿಗೆ ಸೇರಿದೆ. ಪಾರ್ಕಿನವರು ಅದನ್ನ ರೈತರಿಗೇ ಲಾವಣಿಗೆ ಕೊಡ್ತಾರೆ, ಈಗಲೂ ಅಲ್ಲಿ ಗೋವಿನಜೋಳ ಬಿತ್ತುತ್ತಾರೆ.

ಮಮ್ಮಾ ಮನೆತನದ್ದು ಒಂದು ಮಾತು ಉಳೀತು. 1906ರಲ್ಲಿ ಶಾರ್ಪ್ಸ್‌ಬರ್ಗ್ ಪೋಸ್ಟ್‌ಮಾಸ್ಟರ್‌ಗೆ ಒಂದು ಕಾಗದ ಬಂತು. ಬರೆದವ ಉತ್ತರ ಕೆರೊಲಿನಾದ ಹಳೇ ಸೈನಿಕ. ಆ ದಿನ ಮನೆಗೆ ಬೆಂಕಿ ಹಚ್ಚಿದವರಲ್ಲಿ ತಾನೂ ಒಬ್ಬ, ಆ ಮನೆ ಯಾರದು, ಹೆಸರು ತಿಳಿಸ್ತೀರಾ ಅಂತ. ಪೋಸ್ಟ್‌ಮಾಸ್ಟರ್ ಆಗಿದ್ದವ ಅದೇ ಮಮ್ಮಾನ ಮಗ, ಅವನ ಹೆಸರೂ ಸ್ಯಾಮ್ಯುಯೆಲ್. ಮನೆ ನಮ್ಮದೇ, ನಿನಗೆ ಬಂದ ಹುಕುಂ ನೀ ಮಾಡಿದಿ, ನಿನ್ನ ಮೇಲೆ ನಮಗೆ ಸಿಟ್ಟಿಲ್ಲ ಅಂತ ತಿರುಗಿ ಬರೆದ.